ಗೋಡೆಗೆ ತೊಡಿಸಿದ ಕನ್ನಡಕ

"ಕೂಲಿಗೆ ಅಳೋರನ್ನ ನೋಡಿದ್ದೀನಿ. ಸಂಬಳಕ್ಕೆ ನಗಿಸೋರನ್ನೂ ನೋಡಿದ್ದೀನಿ. ಹೆಣ ಬೀಳೋಕೆ ಮುಂಚೆನೇ ಅದರ ಮೇಲೆ ನಗೆಹನಿ ಬರೆದು ಚಪ್ಪಾಳೆ ಗಿಟ್ಟಿಸೋ ಹೆಂಗಸನ್ನ ನೋಡ್ತಿರೋದು ಇವತ್ತೇ ಮೊದಲು."

ಕೊನೆಯ ಸಾಲಿನಿಂದ ಬಂದ ಮಾತು. ತುಂಬಿದ ಸಭಾಂಗಣ ಹಿಂತಿರುಗಿ ನೋಡಿತು.

ಮೈಕಿನ ಮುಂದೆ ನಿಂತಿದ್ದವಳ ಕೈಯಲ್ಲಿ ಕಾಗದ ಹಾಗೇ ಉಳಿಯಿತು. ಊರಿನ ಸಂಜೆ ಪತ್ರಿಕೆಗೆ ದಿನಾ ‘ಚಿವುಟು’ ಎಂಬ ಅಂಕಣ ಬರೆಯುವವಳು ಅವಳು. ಅದಕ್ಕೇ ಓದುಗರು, ಕಚೇರಿಯವರು, ಕೊನೆಗೆ ಸ್ವಂತ ಅಕ್ಕ ಕೂಡ ಅವಳನ್ನು ಚಿವುಟಿ ಎಂದೇ ಕರೆಯುತ್ತಿದ್ದರು.

ರಸ್ತೆ ಅಗೆಯುವವರಿಗೂ ಮುಚ್ಚುವವರಿಗೂ ಮಾತು ಬಿಟ್ಟಿದೆ, ಯಾರಾದರೂ ಹಿರಿಯರು ನಡುವೆ ನಿಂತು ರಾಜಿ ಮಾಡಿಸಬೇಕು ಎಂದು ಬರೆದವಳು ಅವಳೇ. ಸಿಗ್ನಲ್ ದೀಪ ಮೂರೂ ಬಣ್ಣವನ್ನು ಒಟ್ಟಿಗೆ ಉರಿಸಿದಾಗ, ‘ನಿಲ್ಲಿ, ಕಾಯಿರಿ, ಹೊರಡಿ, ಒಟ್ಟಿನಲ್ಲಿ ನಿಮ್ಮ ಹಣೆಬರಹ’ ಎಂದು ಅರ್ಥ ಹೇಳಿದವಳೂ ಅವಳೇ. ಅವತ್ತು ಓದುಗರ ಕೂಟದಲ್ಲಿ ಓದಿದ್ದು ಹಳೆಯ ಮಾರುಕಟ್ಟೆ ಕಟ್ಟಡದ ಬಗ್ಗೆ ಆಗಲೇ ಅಚ್ಚಾಗಿದ್ದ ಅಂಕಣ.

‘ಕಟ್ಟಡಕ್ಕೆ ವಯಸ್ಸಾಗಿ ಕಣ್ಣು ಮಂಜಾಗಿದೆ. ನಗರಸಭೆಯವರು ಕರುಣೆಯಿಂದ ಒಬ್ಬ ಇಂಜಿನಿಯರನ್ನು ಕಳಿಸಿ, ಗೋಡೆ ಗೋಡೆಗೂ ಗಾಜು ಅಂಟಿಸಿ ಕನ್ನಡಕ ತೊಡಿಸಿದ್ದಾರೆ. ಮುಂದಿನ ವರ್ಷ ಹಲ್ಲುಸೆಟ್ಟು. ಆಮೇಲೆ ಊರುಗೋಲು.’

ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗು ಇನ್ನೂ ಆರಿರಲಿಲ್ಲ... ಅಷ್ಟರಲ್ಲಿ ಇವನು.

ತೋಳಿನ ತುಂಬ ಸುಣ್ಣದ ಧೂಳು, ಕಂಕುಳಲ್ಲಿ ಹೆಲ್ಮೆಟ್ಟು, ನಿದ್ದೆಗೆಟ್ಟ ಕಣ್ಣು. ‘ಇವನೇ ಆ ಇಂಜಿನಿಯರ್’ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.  ಆದರೆ ವೇದಿಕೆಯ ಮೇಲೆ ನಿಂತ ಬಾಯಿ ಸುಮ್ಮನಿರುತ್ತದೆಯೇ?

"ಬಂದ್ರು ನೋಡಿ, ಕಣ್ಣಿನ ಡಾಕ್ಟ್ರು," ಎಂದುಬಿಟ್ಟಳು.

ಸಭೆ ಮತ್ತೆ ಘೊಳ್ಳೆಂದಿತು. ಅವನು ನಗಲಿಲ್ಲ. ನೇರ ವೇದಿಕೆಗೆ ನಡೆದುಬಂದು, ಜೇಬಿನಿಂದ ಒಂದು ಪೊಟ್ಟಣ ತೆಗೆದು ಅವಳ ಮುಂದಿನ ಮೇಜಿನ ಮೇಲೆ ಸುರಿದ. ಗಾಜಿನ ಚೂರುಗಳು.

"ನಿಮ್ಮ ಅಂಕಣ ಓದಿದೋರು ತಮಾಷೆಗೆ ಕಿತ್ತಿದ್ದು. ಗೋಡೆ ಕದಲ್ತಾ ಇದೆಯೋ ಇಲ್ವೋ ಅಂತ ತೋರಿಸೋಕೆ ನನ್ನ ಹತ್ರ ಇದ್ದಿದ್ದು ಇದೊಂದೇ ಸಾಕ್ಷಿ. ಇಟ್ಕೊಳ್ಳಿ. ನಾಳೆ ಬರೆಯೋಕೆ ಬರುತ್ತೆ."

ಅವನು ಹೋದ ಮೇಲೆ ಅವಳು ಆ ಚೂರುಗಳನ್ನು ಒಟ್ಟುಮಾಡಲು ಹೋಗಿ ಬೆರಳು ಕುಯ್ದುಕೊಂಡಳು. ಬಿಳಿ ಮೇಜುಬಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ. ಚೂರುಗಳನ್ನು ಅಲ್ಲೇ ಬಿಟ್ಟು ಬಂದಳು.

ಸಂಪಾದಕರು ಸಮಾಧಾನ ಹೇಳಿದರು. ಇಂಥ ಜಗಳದಿಂದ ಪತ್ರಿಕೆ ಇನ್ನಷ್ಟು ಮಾರುತ್ತದೆ, ಬೇಜಾರು ಮಾಡಿಕೋಬೇಡ ಎಂದರು.

ಅವಳಿಗೆ ರಾತ್ರಿಯಿಡೀ ಕಿವಿಯಲ್ಲಿ ಒಂದೇ ಮಾತು... ‘ಹೆಣ ಬೀಳೋಕೆ ಮುಂಚೆನೇ.’

*

ಮರುದಿನ ಬೆಳಿಗ್ಗೆ ಅಕ್ಕನ ಫೋನು. ಅಂಗಡಿಯ ಬಾಗಿಲಿಗೆ ನಗರಸಭೆಯ ನೋಟಿಸು ಅಂಟಿಸಿದ್ದಾರಂತೆ. ತಕ್ಷಣ ಖಾಲಿ ಮಾಡಬೇಕಂತೆ.

ಹಳೆಯ ಮಾರುಕಟ್ಟೆ ಕಟ್ಟಡದ ನೆಲಮಹಡಿಯಲ್ಲೇ ಅಕ್ಕನ ಟೈಲರಿಂಗ್ ಅಂಗಡಿ. ಅಪ್ಪ ಅಮ್ಮ ಬೇಗ ಹೋದ ಮನೆ ಅವರದು. ಆ ಅಂಗಡಿಯ ಹೊಲಿಗೆ ಯಂತ್ರವೇ ತಂಗಿಯನ್ನು ಓದಿಸಿದ್ದು, ಅನ್ನ ಹಾಕಿದ್ದು. ಅಕ್ಕ ಮದುವೆಯನ್ನೂ ಮರೆತು ಆ ಯಂತ್ರ ತುಳಿದವಳು.

ಕಟ್ಟಡದಲ್ಲಿ ಅಷ್ಟೊಂದು ಅಂಗಡಿಗಳಿವೆ. ನೋಟಿಸು ಮಾತ್ರ ಒಂದಕ್ಕೆ!

‘ಸೇಡು... ಇದು ಸೇಡಲ್ಲದೆ ಇನ್ನೇನು? ನನ್ನ ಮೇಲಿನ ಸಿಟ್ಟನ್ನು ನನ್ನಕ್ಕನ ಹೊಟ್ಟೆಯ ಮೇಲೆ ಹೊಡೆದು ತೀರಿಸಿಕೊಳ್ಳುತ್ತಿದ್ದಾನೆ.’

ಅವಳು ಆಟೋದಿಂದ ಇಳಿದಾಗ ಇಂಜಿನಿಯರ್ ಅಂಗಡಿಯ ಒಳಗೇ ಇದ್ದ. ನೆಲದ ಮೇಲೆ ಮಂಡಿಯೂರಿ ಕೈಯಾಡಿಸುತ್ತಿದ್ದ. ಅವಳು ಬಾಯಿಗೆ ಬಂದದ್ದೆಲ್ಲ ಅಂದಳು. ಗಂಡಸಾದವನು ನೇರ ನನ್ನ ಜೊತೆ ಜಗಳಕ್ಕೆ ಬರಬೇಕಿತ್ತು ಅಂದಳು. ಹೀಗೆ ಹಿಂಬಾಗಿಲಿನಿಂದ ಬರುವುದು ಕಳ್ಳಬೆಕ್ಕಿನ ಕೆಲಸ ಅಂದಳು.

ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಎದ್ದು, ಬಟ್ಟೆ ಹಾಕಿ ನೋಡುವ ಪುಟ್ಟ ಕೋಣೆಯ ಪರದೆ ಸರಿಸಿ, ಆಳೆತ್ತರದ ಕನ್ನಡಿಯನ್ನು ಗೋಡೆಯಿಂದ ಇಳಿಸಿದ.

ಕನ್ನಡಿಯ ಹಿಂದೆ ಗೋಡೆ ಸೀಳಿತ್ತು. ಮೇಲಿನಿಂದ ಕೆಳಗಿನವರೆಗೆ, ಓರೆಯಾಗಿ.

"ಬೆರಳಿಡಿ," ಎಂದ.

ಅವಳು ನಿನ್ನೆ ಕುಯ್ದುಕೊಂಡ ಅದೇ ಬೆರಳನ್ನು ಇಟ್ಟಳು. ಮೊದಲ ಗಿಣ್ಣಿನವರೆಗೆ ಒಳಗೆ ಹೋಯಿತು. ಒಳಗಿನಿಂದ ತಣ್ಣನೆ ಗಾಳಿ ತಾಗಿತು. ಗೋಡೆ ಉಸಿರಾಡುತ್ತಿತ್ತು.

ಅವಳು ಬೆರಳನ್ನು ಥಟ್ಟನೆ ಎಳೆದುಕೊಂಡಳು.

"ಅಕ್ಕಾ..." ಇಂಜಿನಿಯರ್ ಮೆಲ್ಲಗೆ ಕೇಳಿದ. "ಈ ಮೇಜಿನ ಜಾಗದಲ್ಲಿ ಒಂದು ಕಂಬ ಇತ್ತಲ್ವಾ?"

ಅಕ್ಕ ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ.

ಇತ್ತು. ಚಿವುಟಿಗೆ ಚೆನ್ನಾಗಿ ನೆನಪಿತ್ತು. ಆ ಕಂಬಕ್ಕೆ ಬೆನ್ನು ಹಚ್ಚಿ ನಿಲ್ಲಿಸಿಯೇ ಅಕ್ಕ ಅವಳ ಎತ್ತರವನ್ನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದದ್ದು. ಬಟ್ಟೆ ಕತ್ತರಿಸುವ ದೊಡ್ಡ ಮೇಜು ಹಾಕಲು ಅದೇ ಅಡ್ಡ. ಅಕ್ಕ ವರ್ಷಗಟ್ಟಲೆ ಕಟ್ಟಡದ ಯಜಮಾನರ ಬೆನ್ನುಹತ್ತಿ ಬೇಡಿಕೊಂಡಿದ್ದಳು. ಕೊನೆಗೊಂದು ದಿನ ಅವರು ಆಳುಗಳನ್ನು ಕಳಿಸಿ ಕಂಬ ಒಡೆಸಿಕೊಟ್ಟರು. ಸಂತೋಷಕ್ಕೆ ಅಕ್ಕ ಅವರಿಗೊಂದು ಕೋಟು ಹೊಲಿದು ಪುಕ್ಕಟೆ ಕೊಟ್ಟಳು. ಹೊಸ ಮೇಜಿನ ಮೇಲೆ ಅಕ್ಕ ತಂಗಿ ಇಬ್ಬರೂ ಕಾಲು ಚಾಚಿ ಕೂತು ನಕ್ಕಿದ್ದರು.

ಒಂದು ಮೇಜಿಗಾಗಿ ಒಂದು ಕಂಬ!

"ಯಜಮಾನರು ಉಪಕಾರ ಮಾಡಿದ್ರು," ಅಕ್ಕ ತಲೆಯೆತ್ತದೆ ಅಂದಳು. "ಉಪಕಾರ ಮಾಡಿದೋರ ಮೇಲೆ ನಾನು ದೂರು ಹೇಳ್ಲಾ? ಕಟ್ಟಡ ಇಷ್ಟು ವರ್ಷ ನಿಂತಿದೆ. ಇನ್ನೂ ನಿಲ್ಲುತ್ತೆ. ನಾನಂತೂ ಇಲ್ಲಿಂದ ಏಳಲ್ಲ."

ಇಂಜಿನಿಯರ್ ಹೊರಗೆ ಬಂದ ಮೇಲೆ ಚಿವುಟಿಗೆ ಬಿಡಿಸಿ ಹೇಳಿದ. ಕಂಬ ತೆಗೆದ ಅಂಗಡಿಗೆ ನೋಟಿಸು ಕೊಡುವ ಅಧಿಕಾರ ಅವನಿಗಿದೆ. ಇಡೀ ಕಟ್ಟಡ ಖಾಲಿ ಮಾಡಿಸಲು ಮೇಲಿನವರ ಸಹಿ ಬೇಕು, ಸಹಿಗೆ ಸಾಕ್ಷಿ ಬೇಕು. ಬಿರುಕಿನ ಎರಡು ದಡಕ್ಕೂ ಸೇರಿಸಿ ಗಾಜಿನ ಪಟ್ಟಿ ಗಾರೆಯಲ್ಲಿ ಕೂರಿಸುವುದು ಅದಕ್ಕೇ. ಗೋಡೆ ಸತ್ತು ಮಲಗಿದ್ದರೆ ಗಾಜು ಹಾಗೇ ಇರುತ್ತದೆ. ಗೋಡೆ ಕದಲಿದರೆ ಗಾಜಿಗೆ ಹಿಗ್ಗಲು ಬರುವುದಿಲ್ಲ, ತಾನಾಗಿ ಒಡೆಯುತ್ತದೆ.

ಈಗ ಯಾರೋ ಕಿತ್ತ ಗಾಜು ಯಾವುದು, ತಾನಾಗಿ ಒಡೆದ ಗಾಜು ಯಾವುದು? ದೇವರೇ ಬಲ್ಲ.

"ಸಾಕ್ಷಿನ ನಿನ್ನೆ ನಿಮ್ಮ ಮುಂದೆ ಸುರಿದುಬಂದೆ," ಎಂದ. ಈ ಸಲ ದನಿಯಲ್ಲಿ ಬೆಂಕಿ ಇರಲಿಲ್ಲ. ದಣಿವಿತ್ತು. ಬೆಂಕಿಯಿದ್ದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

*

ಅವಳು ಅಂದೇ ಕೂತು ಬರೆದಳು. ಒಂದೂ ಕೊಂಕಿಲ್ಲದೆ, ಒಂದೂ ನಗೆಯಿಲ್ಲದೆ ಬರೆದಳು. ‘ಆ ಕಟ್ಟಡದಲ್ಲಿ ಒಂದು ಕಂಬ ಇಲ್ಲ. ಗೋಡೆ ಸೀಳಿದೆ. ದಯವಿಟ್ಟು ಹೊರಗೆ ಬನ್ನಿ. ನಾನು ತಮಾಷೆ ಮಾಡುತ್ತಿಲ್ಲ.’

ಸಂಜೆ ಪತ್ರಿಕೆ ಹೊರಬಿತ್ತು. ಫೋನುಗಳ ಸುರಿಮಳೆ.

ಇಷ್ಟು ದಿನದಲ್ಲಿ ಇಂಥ ಅಂಕಣ ಬಂದೇ ಇರಲಿಲ್ಲವಂತೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತಂತೆ. ‘ನಾನು ತಮಾಷೆ ಮಾಡುತ್ತಿಲ್ಲ’ ಅನ್ನುವ ಕೊನೆಯ ಸಾಲಂತೂ ಸೂಪರ್ ಅಂತೆ!

ಅವಳು ಬೇಡಿಕೊಂಡಳು. ಇಲ್ಲ, ಇದು ನಿಜ ಎಂದಳು. ಅತ್ತ ಕಡೆಯವರು ಇನ್ನೂ ಜೋರಾಗಿ ನಕ್ಕರು.

ಮರುದಿನ ಊರಿನ ಜನ ಗುಂಪುಗಟ್ಟಿ ಬಂದು ಆ ಕಟ್ಟಡದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಬಿರುಕಿನ ಪಕ್ಕ ಮುಖವಿಟ್ಟು ಹೆದರಿದಂತೆ ನಟಿಸಿದರು. ಬಂದವರು ಬರಿಗೈಯಲ್ಲಿ ಹೋಗುತ್ತಾರೆಯೇ? ವ್ಯಾಪಾರ ಏರಿತು. ಯಜಮಾನರು ಆ ಅಂಕಣಕ್ಕೆ ಚೌಕಟ್ಟು ಹಾಕಿಸಿ ಮೆಟ್ಟಿಲ ಬಳಿ ತೂಗುಹಾಕಿದರು. ಮೊಳೆ ಹೊಡೆದದ್ದು ಸೀಳಿದ ಗೋಡೆಗೇ.

ಈ ಊರೇ ಹೀಗೆ. ಬೆಂಕಿ ಬಿದ್ದರೆ ಮೊದಲು ಫೋನು ತೆಗೆಯುತ್ತದೆ, ನೀರು ಆಮೇಲೆ. ಅಂಥ ಊರಿಗೆ ದಿನಾ ಸಂಜೆ ನಗು ಉಣಿಸಿ ಸಾಕಿದ್ದು ಯಾರು? ಅವಳೇ. ತಾನು ಸಾಕಿದ ನಗು ಈಗ ತನ್ನ ಅಕ್ಕನ ತಲೆಯ ಮೇಲೆ ಚಾವಣಿಯಾಗಿ ಕೂತಿದೆ ಎಂದು ಅವಳಿಗೆ ಹೊಳೆಯಿತು.

ನಗರಸಭೆಯ ಕಚೇರಿಯ ಮೂಲೆಯಲ್ಲಿ ಇಂಜಿನಿಯರ್ ಒಬ್ಬನೇ ಕೂತು ಗಾಜಿನ ಪಟ್ಟಿ ಕತ್ತರಿಸುತ್ತಿದ್ದ. ಅವಳು ಹೋಗಿ ಎದುರು ನಿಂತಳು. ಮೇಜಿನ ಮೇಲೆ ಸಂಜೆ ಪತ್ರಿಕೆ ಇತ್ತು. ‘ಈಗ ಬೈತಾನೆ. ಬೈಯಲಿ... ನನಗೆ ಬೇಕು.’

"ನೀವು ನಿಜವಾಗ್ಲೂ ಬರೆದ್ರಿ," ಎಂದ ಅವನು. "ಊರಲ್ಲಿ ನಗದೇ ಓದಿದೋನು ನಾನೊಬ್ಬನೇ ಇರಬೇಕು."

 ಅವಳು ಅವನ ಮುಂದಿದ್ದ ಕರಣೆಯನ್ನು, ಗಾರೆ ಹಚ್ಚುವ ಆ ಪುಟ್ಟ ಸಲಕರಣೆಯನ್ನು, ಕೈಗೆತ್ತಿಕೊಂಡಳು.

"ಬರೆಯೋ ಕೈಗೆ ಈಗ ಬೇರೆ ಕೆಲಸ ಕೊಡಿ ಇಂಜಿನಿಯರ್ರೇ."

*

ಇಬ್ಬರೂ ಸೇರಿ ಹೊಸ ಗಾಜು ಕೂರಿಸತೊಡಗಿದರು. ಅವಳು ಗಾರೆ ಕಲಸುವಳು, ಅವನು ಹಚ್ಚುವನು. ಆದರೆ ಹಚ್ಚಿದ್ದನ್ನು ಮತ್ತೆ ಯಾರಾದರೂ ಕಿತ್ತರೆ?

ಉಪಾಯ ಹೊಳೆದದ್ದು ಅವಳಿಗೇ. ಪ್ರತಿ ಗಾಜಿನ ಮೇಲೂ ಬಣ್ಣದಲ್ಲಿ ಆ ಅಂಗಡಿಯವರ ಹೆಸರು ಬರೆದಳು. ನಿಮ್ಮ ಗಾಜು ನಿಮ್ಮ ಮಗು, ಯಾರ ಮಗು ಗಟ್ಟಿ ನೋಡೋಣ ಎಂದು ಕಿಚಾಯಿಸಿದಳು. ಸಾಕು! ಅಷ್ಟು ದಿನ ಗಾಜು ಕಂಡರೆ ಕೀಳುತ್ತಿದ್ದವರು ಈಗ ಅದಕ್ಕೆ ಕಾವಲು ನಿಂತರು. ಎರಡನೇ ಮಹಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ತಾತ, ತನ್ನ ಗಾಜು ಕೊನೆಗೆ ಉಳಿಯುತ್ತದೆ ಎಂದು ಪಕ್ಕದ ಚಪ್ಪಲಿ ಅಂಗಡಿಯವನ ಜೊತೆ ಪಂಥ ಕಟ್ಟಿದ. ಬೆಳಿಗ್ಗೆ ಬಂದೊಡನೆ ಬೀಗ ತೆಗೆಯುವುದಕ್ಕೂ ಮೊದಲು ಗಾಜು ನೋಡುವುದು ಎಲ್ಲರಿಗೂ ರೂಢಿಯಾಯಿತು.

"ನಾನು ತಿಂಗಳುಗಟ್ಟಲೆ ಗದರಿಸಿದೆ, ಒಬ್ಬರೂ ಕೇಳಲಿಲ್ಲ," ಎಂದ ಅವನು, ಏಣಿಯ ಮೇಲಿನಿಂದ. "ನೀವು ಕಿಚಾಯಿಸಿದ್ರಿ, ಕೇಳಿದ್ರು."

"ನಿಮಗೆ ಯಾರೇನಂದ್ರೂ ತಿರುಗಿ ಉತ್ತರ ಕೊಡೋ ಕಾಯಿಲೆ. ಅದಕ್ಕೆ ಯಾರೂ ಹತ್ರ ಬರಲ್ಲ."

"ನಿಮಗೆ ಪ್ರತಿ ಮಾತಿಗೂ ನಗಿಸೋ ಕಾಯಿಲೆ. ಅದಕ್ಕೆ ಎಲ್ಲರೂ ಬರ್ತಾರೆ. ಯಾರೂ ನಂಬಲ್ಲ."

ಅವಳು ಬಗ್ಗಿ ಗಾರೆ ಕಲಸತೊಡಗಿದಳು. ನಿಜ ಯಾವತ್ತೂ ಚುಚ್ಚುತ್ತದೆ. ಆದರೆ ಇವನ ಬಾಯಿಂದ ಬಂದಾಗ ಯಾಕೋ ಸೂಜಿಯಲ್ಲಿ ಹೊಲಿದ ಹಾಗೆ...

ಅವನು ಏಣಿಯಿಂದ ಇಳಿದ. ಅವಳ ಕೆನ್ನೆಗೆ ಗಾರೆ ಮೆತ್ತಿತ್ತು. ಒರೆಸಲೆಂದು ಅವನ ಕೈ ಎದ್ದಿತು, ಅರ್ಧದಲ್ಲೇ ನಿಂತಿತು. ಬದಲಿಗೆ ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟ.

"ಅವತ್ತು ಸಭೆಯಲ್ಲಿ ನಾನು ಅಂದಿದ್ದು..."

"ಬಿಡಿ. ಸರಿಯಾಗೇ ಅಂದ್ರಿ."

"ಅಲ್ಲ. ಕೇಳಿ. ನಾನು ದಿನಾ ಪತ್ರಿಕೆ ತಗೊಳ್ಳೋದೇ ನಿಮ್ಮ ಅಂಕಣಕ್ಕೆ. ಇಡೀ ಊರಲ್ಲಿ ಕಣ್ಣಿರೋದು ಇವರೊಬ್ಬರಿಗೆ ಅನ್ಕೊಂಡಿದ್ದೆ. ಆ ಕಣ್ಣೇ ನನ್ನ ಗಾಜು ನೋಡಿ ನಕ್ಕಾಗ ತಡ್ಕೊಳ್ಳೋಕಾಗ್ಲಿಲ್ಲ. ಬೇರೆ ಯಾರಾದ್ರೂ ಬರೆದಿದ್ರೆ ನಾನು ಬರ್ತಾನೇ ಇರ್ಲಿಲ್ಲ."

ಅವಳ ಕೈಯಲ್ಲಿದ್ದ ಕರವಸ್ತ್ರ ಕೆನ್ನೆಗೆ ಹೋಗುವುದನ್ನು ಮರೆಯಿತು. ಎಲ್ಲೋ ಮೇಲೆ, ಚಾವಣಿಯೊಳಗೆ, ಮರಳು ಜಾರಿದಂತೆ ಸಣ್ಣ ಸದ್ದು. ಇಬ್ಬರೂ ಒಟ್ಟಿಗೆ ಕತ್ತೆತ್ತಿ ನೋಡಿದರು. ಪ್ರೀತಿ ಹುಟ್ಟಲು ಜನಕ್ಕೆ ಹೂವಿನ ತೋಟ ಸಿಗುತ್ತದೆ. ಇವರಿಗೆ ಸಿಕ್ಕಿದ್ದು ಇದು.

ಅಕ್ಕ ಮಾತ್ರ ತನ್ನ ಅಂಗಡಿಯ ಗಾಜಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೊಲಿಗೆ ಯಂತ್ರವನ್ನು ಆ ಗೋಡೆಗೆ ಬೆನ್ನುಮಾಡಿ ತಿರುಗಿಸಿಟ್ಟುಕೊಂಡಿದ್ದಳು. ತಂಗಿ ಕಾಲು ಹಿಡಿದಳು, ಅತ್ತಳು. ಅಕ್ಕ ಕೊನೆಗೊಮ್ಮೆ ಅಂದಳು: "ಅದು ಒಡೀಲಿ. ಆಗ ಏಳ್ತೀನಿ. ಒಡೆಯಲ್ಲ ಬಿಡು."

ಒಡೆಯದಿರಲಿ ಎಂದು ಅಕ್ಕ ಮನಸ್ಸಿನಲ್ಲಿ ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳೋ. ಒಡೆದರೆ ತಪ್ಪು ಅವಳದಾಗುತ್ತಿತ್ತಲ್ಲ.

*

ಒಡೆಯಿತು. ಮಧ್ಯಾಹ್ನದ ಊಟ ಮುಗಿದು ಅಂಗಡಿಗಳು ತೂಕಡಿಸುವ ಹೊತ್ತು. ಅಕ್ಕ ಶಾಲೆಯ ಸಮವಸ್ತ್ರಕ್ಕೆ ಕಾಲರ್ ಕೂರಿಸುತ್ತಿದ್ದಳು. ಬೆನ್ನ ಹಿಂದೆ ಟಕ್ ಎಂದಿತು. ಸೂಜಿ ಮುರಿದರೆ ಬರುವಷ್ಟೇ ಸದ್ದು.

ಅಕ್ಕ ಪೆಡಲು ನಿಲ್ಲಿಸಿದಳು. ತಿರುಗಿ ನೋಡಿದಳು. ತನ್ನ ಹೆಸರು ಎರಡು ತುಂಡಾಗಿತ್ತು.

ಆಮೇಲೆ ಅವಳು ತಡಮಾಡಲಿಲ್ಲ. ಯಂತ್ರ ಹಾಗೇ, ಕತ್ತರಿ ಹಾಗೇ, ಬಟ್ಟೆ ಹಾಗೇ. ಹೊರಗೆ ಅಂಗಡಿಗಳ ನಡುವಿನ ಓಣಿಗೆ ಬಂದು ನಿಂತು, ಜೀವಮಾನದಲ್ಲಿ ದನಿಯೆತ್ತದ ಹೆಂಗಸು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದಳು.

"ಕಂಬ ತೆಗೆಸಿದ್ದು ನಾನು! ನನ್ನ ಮೇಜಿಗೋಸ್ಕರ ತೆಗೆಸಿದೆ. ನನ್ನ ಗಾಜು ಒಡೀತು. ನಿಮ್ಮದೂ ನೋಡ್ಕೊಳ್ಳಿ, ಏಳಿ, ಎಲ್ಲರೂ ಏಳಿ!"

ಜನ ತಂತಮ್ಮ ಗಾಜಿನ ಕಡೆ ಓಡಿದರು. ಚಪ್ಪಲಿ ಅಂಗಡಿಯದು ಒಡೆದಿತ್ತು. ಟೈಪಿಂಗ್ ತರಗತಿಯದು ಒಡೆದಿತ್ತು. ಅಧಿಕಾರಿ ಹೇಳಿದರೆ ನಂಬದವರು, ಪತ್ರಿಕೆ ಬರೆದರೆ ನಂಬದವರು, ತಮ್ಮ ಹೆಸರು ಸೀಳಿದ್ದನ್ನು ಕಂಡು ನಂಬಿದರು. ಒಬ್ಬರ ಹಿಂದೊಬ್ಬರು ಮೆಟ್ಟಿಲಿಳಿದರು. ಆ ದಿನ ಯಾರೂ ಫೋಟೋ ತೆಗೆಯಲಿಲ್ಲ.

ಚಿವುಟಿ ಕಚೇರಿಯಿಂದ ಓಡಿಬರುವಷ್ಟರಲ್ಲಿ ಇಂಜಿನಿಯರ್ ರಸ್ತೆಗೆ ಅಡ್ಡ ಹಗ್ಗ ಕಟ್ಟಿದ್ದ. ಎದುರಿನ ಕಾಲುದಾರಿಯಲ್ಲಿ ಅಕ್ಕ ನಿಂತಿದ್ದಳು, ಕುತ್ತಿಗೆಯಲ್ಲಿ ಅಳತೆಪಟ್ಟಿ, ಬರಿಗಾಲು. ತಂಗಿ ಹೋಗಿ ತಬ್ಬಿಕೊಂಡಳು. 

"ತಾತ ಬಂದಿಲ್ಲ," ಎಂದಳು ಅಕ್ಕ. "ಗಡಿಯಾರಗಳನ್ನ ಬಿಟ್ಟು ಬರಲ್ಲ ಅಂತ ಕೂತಿದ್ದಾನೆ. ಅವನ ಗಾಜು ಇನ್ನೂ ಒಡೆದಿಲ್ವಂತೆ, ಪಂಥ ಗೆದ್ದೆ ಅಂತಾನೆ. ಕರೆಯೋಕೆ... ಅವರು ಹೋಗಿದ್ದಾರೆ."

ಅವರು ಎಂದರೆ ಯಾರೆಂದು ಕೇಳಬೇಕಾಗಿರಲಿಲ್ಲ. ಹಗ್ಗದ ಬಳಿ ಹೆಲ್ಮೆಟ್ಟು ಅನಾಥವಾಗಿ ಬಿದ್ದಿತ್ತು. ಗಡಿಬಿಡಿಯಲ್ಲಿ ಅದನ್ನೂ ಹಾಕಿಕೊಳ್ಳದೆ ಹೋಗಿದ್ದ.

‘ಪಂಥ ಕಟ್ಟಿಸಿದ್ದು ನಾನು. ಕಿಚಾಯಿಸಿದ್ದು ನಾನು. ಇದೊಂದು ನಗೆಗೆ ಮಾತ್ರ ಲೆಕ್ಕ ಕೇಳಬೇಡ ದೇವರೇ... ಇದೊಂದಕ್ಕೆ ಮಾತ್ರ.’

ಮೇಲಿನ ಕಿಟಕಿಯಿಂದ ಸುಣ್ಣದ ಪುಡಿ ಉದುರಿತು.  ಅವಳು ಹೆಲ್ಮೆಟ್ಟನ್ನು ಎದೆಗೊತ್ತಿಕೊಂಡು ನಿಂತಳು. ಮೆಟ್ಟಿಲ ಬಾಗಿಲು ಕತ್ತಲೆ. ಮತ್ತೂ ಕತ್ತಲೆ...

ಮೊದಲು ತಾತ ಕಂಡ, ಎರಡೂ ತೋಳಿನಲ್ಲಿ ಗೋಡೆ ಗಡಿಯಾರ ಅವುಚಿಕೊಂಡು. ಅವನ ಬೆನ್ನಿಗೆ ಕೈಕೊಟ್ಟು ಇಂಜಿನಿಯರ್.

ಅವಳು ಹಗ್ಗದ ಕೆಳಗೆ ನುಸುಳಿ ಓಡಿದಳು. ಊರೆಲ್ಲ ನೋಡುತ್ತಿತ್ತು. ನೋಡಲಿ.

"ಹೆಲ್ಮೆಟ್ಟು ಹಾಕ್ಕೊಳ್ಳೋಕೆ ಏನಾಗಿತ್ತು ನಿಮಗೆ?" ಎಂದು ರೇಗಿದಳು. ರೇಗುತ್ತಲೇ ಕಣ್ಣು ತುಂಬಿತು. "ನೀವು ಒಳಗಿದ್ದಷ್ಟು ಹೊತ್ತು ನನಗೆ ಕಟ್ಟಡ ನೆನಪಾಗ್ಲಿಲ್ಲ, ಊರು ನೆನಪಾಗ್ಲಿಲ್ಲ. ನೀವು ಹೊರಗೆ ಬರದೇ ಇದ್ರೆ ನಾಳೆಯಿಂದ ನಾನು ಯಾರ ಹತ್ರ ಬೈಸ್ಕೊಳ್ಳಲಿ ಅಂತ ಒಂದೇ ಯೋಚನೆ. ಅದಕ್ಕೆ ಪ್ರೀತಿ ಅಂತಾರೋ ಏನೋ, ನನಗೆ ಗೊತ್ತಿಲ್ಲ..."

"ಅಂತಾರೆ," ಎಂದ ಅವನು.

ಅಷ್ಟೇ. ಧೂಳು ತುಂಬಿದ ಕೈಯಿಂದಲೇ ಅವಳ ಕೆನ್ನೆ ಒರೆಸಿದ. ಈ ಸಲ ಕೈ ಅರ್ಧದಲ್ಲಿ ನಿಲ್ಲಲಿಲ್ಲ.

"ನನಗೆ ಇವತ್ತು ಒಂದು ತಮಾಷೆನೂ ಹೊಳೀತಿಲ್ಲ," ಎಂದಳು ಅವಳು, ಮೆಲ್ಲಗೆ.

"ಬೇಡ. ಸುಮ್ನೆ ಪಕ್ಕದಲ್ಲಿ ಇರು."

*

ಬಿಸಿಲು ಇಳಿಯಿತು. ಕಟ್ಟಡ ನಿಂತೇ ಇತ್ತು.

ಜನರ ಭಯಕ್ಕೆ ಆಯಸ್ಸು ಕಡಿಮೆ. ಒಬ್ಬ ಆಕಳಿಸಿದ. ಇನ್ನೊಬ್ಬ ವ್ಯಾಪಾರದ ಹೊತ್ತು ಹಾಳಾಯಿತು ಎಂದು ಗೊಣಗಿದ. ಅಷ್ಟರಲ್ಲಿ ಯಜಮಾನರ ಕಾರು ಬಂದು ನಿಂತಿತು. ಇಳಿದವರು ಹಾಕಿಕೊಂಡಿದ್ದದ್ದು ಅಕ್ಕ ಹೊಲಿದುಕೊಟ್ಟ ಕೋಟು. ಹಗ್ಗ ನೋಡಿದರು, ಖಾಲಿ ಕಟ್ಟಡ ನೋಡಿದರು, ಇಂಜಿನಿಯರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅವನ ನೌಕರಿ ನಾಳೆ ಬೆಳಿಗ್ಗೆ ಇರುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಆಮೇಲೆ ನಗುತ್ತ ಹತ್ತಿರ ಬಂದರು.

"ಏನ್ರೀ ಕಣ್ಣಿನ ಡಾಕ್ಟ್ರೇ, ಇಷ್ಟು ಜನರ ಮುಂದೆ ಹೇಳಿ. ನನ್ನ ಕಟ್ಟಡ ಬೀಳೋದು ಯಾವಾಗ?"

ಚಿವುಟಿಯ ಮಾತು. ಅವಳೇ ವೇದಿಕೆಯ ಮೇಲೆ ಆಡಿದ ಮಾತು, ಈಗ ಇವರ ಬಾಯಲ್ಲಿ. ಗುಂಪಿನಲ್ಲಿ ಅಲ್ಲಲ್ಲಿ ನಗು ಎದ್ದಿತು. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಇಂಜಿನಿಯರ್ ಬಾಯಿ ತೆರೆದ. ಅವನ ಉತ್ತರಗಳು ಹೇಗಿರುತ್ತವೆ ಎಂದು ಊರಿಗೆಲ್ಲ ಗೊತ್ತಿತ್ತು. ಜನ ಕಿವಿ ನಿಮಿರಿಸಿದರು.

ಅವಳು ಅವನ ಧೂಳು ತುಂಬಿದ ತೋಳನ್ನು ಮುಟ್ಟಿದಳು. 

ಅವನು ಬಾಯಿ ಮುಚ್ಚಿದ. ಬಗ್ಗಿ ಹಗ್ಗದ ಗಂಟು ಬಿಚ್ಚಿ, ಒಂದು ತುದಿಯನ್ನು ಅವಳ ಕೈಗಿಟ್ಟ. ಇನ್ನೊಂದನ್ನು ತಾನು ಹಿಡಿದ. ಹಗ್ಗ ಈಗ ಕಟ್ಟಿದ್ದಕ್ಕಿಂತ ಇನ್ನೂ ದೂರ, ಬೀದಿಯ ಆ ಕೊನೆಗೆ ಹೋಗಬೇಕು ಎಂದು ಅವಳಿಗೆ ಹೇಳದೆಯೇ ತಿಳಿಯಿತು.

ಖಾಲಿ ಕಟ್ಟಡದ ಎರಡನೇ ಮಹಡಿಯಲ್ಲಿ ಟಕ್ ಎಂದಿತು.

ಗಡಿಯಾರದ ತಾತ ತಲೆ ತಗ್ಗಿಸಿದ. ಕೊನೆಗೆ ಉಳಿದಿದ್ದ ಗಾಜು ಅವನದೇ. ನಗುತ್ತಿದ್ದವರು ನಗು ನಿಲ್ಲಿಸಿ, ಯಾರೂ ಹೇಳದೆಯೇ ಒಂದೊಂದು ಹೆಜ್ಜೆ ಹಿಂದೆ ಸರಿದರು. ಯಜಮಾನರ ನಗು ಮಾತ್ರ ಎಲ್ಲಿ ಹೋಗಬೇಕೆಂದು ತೋಚದೆ ಮುಖದ ಮೇಲೆ ಹಾಗೇ ನಿಂತಿತ್ತು.

"ಕೇಳಿದ್ದು ನಿಮ್ಮನ್ನೇ ಕಣ್ರೀ," ಎಂದರು ಅವರು, ದನಿ ಸಣ್ಣದಾಗಿತ್ತು. "ಯಾವಾಗ?"

ಇಂಜಿನಿಯರ್ ಹಗ್ಗವನ್ನು ಹೆಗಲಿಗೆ ಎಳೆದುಕೊಂಡ. ಅವಳು ಹಿಡಿದ ತುದಿ ಬಿಗಿಯಾಗಿದೆಯೇ ಎಂದು ಒಮ್ಮೆ ನೋಡಿದ. ಉತ್ತರ ಹೇಳದೆ, ಕಟ್ಟಡಕ್ಕೆ ಬೆನ್ನು ಮಾಡಿ ನಡೆದ.